ಲೋಡ್ ಟೆಸ್ಟ್‌ನಲ್ಲಿ ರಿಕ್ವೆಸ್ಟ್‌ಗಳ ವೇಗ ಯಾರ ಕೈಯಲ್ಲಿದೆ?

"500 ಯೂಸರ್ ಹಾಕಿ ಟೆಸ್ಟ್ ಮಾಡಿದ್ವಿ, ಸೈಟ್ ತಡ್ಕೊಳ್ತು" ಅಂತ ಲೋಡ್ ಟೆಸ್ಟ್‌ನ, ಅಂದರೆ ಸೈಟ್ ಎಷ್ಟು ಹೊರೆ ತಡೆಯುತ್ತದೆ ಅಂತ ನೋಡುವ ಪರೀಕ್ಷೆಯ, ರಿಪೋರ್ಟ್ ಬರುತ್ತದೆ. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಹೋದವು ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಉತ್ತರವೇ ಇರುವುದಿಲ್ಲ. ಯೂಸರ್ ಸಂಖ್ಯೆ ಗೊತ್ತು, ಎಷ್ಟು ಹೊತ್ತು ಓಡಿಸಿದ್ದು ಅಂತ ಗೊತ್ತು, ಸರಾಸರಿ ರೆಸ್ಪಾನ್ಸ್ ಟೈಮ್ ಕೂಡ ಗೊತ್ತು. ಸರ್ವರ್ ಮೇಲೆ ನಿಜಕ್ಕೂ ಬಿದ್ದ ಹೊರೆ ಎಷ್ಟು ಅನ್ನುವುದು ಮಾತ್ರ ಗೊತ್ತಿಲ್ಲ. ಲೋಡ್ ಟೆಸ್ಟ್ ಮಾಡುವುದೇ ಅದಕ್ಕಾಗಿ, ಅಲ್ವಾ?

ಇದು ಟೆಸ್ಟ್ ಮಾಡುವವರ ಸೋಮಾರಿತನ ಅಲ್ಲ. ಹೆಚ್ಚಿನ ಟೂಲ್‌ಗಳು ಮೊದಲು ಕೇಳುವುದೇ ಯೂಸರ್ ಸಂಖ್ಯೆಯನ್ನು. ಆ ಪೆಟ್ಟಿಗೆಯಲ್ಲಿ ಒಂದು ಅಂಕಿ ತುಂಬಿ ಸ್ಟಾರ್ಟ್ ಒತ್ತಿದರೆ ಟೆಸ್ಟ್ ಓಡುತ್ತದೆ. ಆದರೆ ಆ ಕ್ಷಣದಿಂದ ರಿಕ್ವೆಸ್ಟ್‌ಗಳ ವೇಗವನ್ನು ತೀರ್ಮಾನಿಸುವುದು ನೀವಲ್ಲ, ನೀವು ಪರೀಕ್ಷಿಸುತ್ತಿರುವ ಸರ್ವರ್.

ಅದು ಹೇಗೆ ಅಂತ ಜೆಮೀಟರ್‌ನಲ್ಲೇ ನೋಡೋಣ. ಅಪಾಚೆಯ ಈ ಟೂಲ್ 1998ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಟೆಸ್ಟಿಂಗ್ ಕಲಿಯುವ ತುಂಬಾ ಜನ ಇದರಿಂದಲೇ ಶುರು ಮಾಡುತ್ತಾರೆ. ಅದರ ಥ್ರೆಡ್ ಗ್ರೂಪ್‌ನಲ್ಲಿ 100 ಥ್ರೆಡ್ ಹಾಕಿದಿರಿ ಅಂದುಕೊಳ್ಳಿ. ಥ್ರೆಡ್ ಅಂದರೆ ಇಲ್ಲಿ ಒಬ್ಬ ನಕಲಿ ಯೂಸರ್. ಪ್ರತಿ ಥ್ರೆಡ್ ಒಂದು ರಿಕ್ವೆಸ್ಟ್ ಕಳಿಸುತ್ತದೆ, ಉತ್ತರ ಬರುವ ತನಕ ಸುಮ್ನೆ ಕೂರುತ್ತದೆ, ಉತ್ತರ ಬಂದ ಮೇಲೆ ಮುಂದಿನದನ್ನು ಕಳಿಸುತ್ತದೆ. ಉತ್ತರಕ್ಕೆ 200 ಮಿಲಿಸೆಕೆಂಡ್ ಹಿಡಿದರೆ ಒಂದು ಥ್ರೆಡ್ ಸೆಕೆಂಡಿಗೆ 5 ರಿಕ್ವೆಸ್ಟ್ ಕಳಿಸಬಲ್ಲದು. ನೂರು ಥ್ರೆಡ್ ಸೇರಿ 500. ಈಗ ಡೇಟಾಬೇಸ್ ಸುಸ್ತಾಗಿ ಉತ್ತರಕ್ಕೆ 2 ಸೆಕೆಂಡ್ ಹಿಡಿಯಲು ಶುರುವಾಯಿತು. ಅದೇ ನೂರು ಥ್ರೆಡ್‌ನಿಂದ ಹೋಗುವುದು ಸೆಕೆಂಡಿಗೆ 50 ಮಾತ್ರ. ನೀವು ಟೆಸ್ಟ್‌ನಲ್ಲಿ ಏನೂ ಬದಲಿಸಿಲ್ಲ. ಸರ್ವರ್‌ಗೆ ಕಷ್ಟವಾದ ಕೂಡಲೇ ಟೂಲ್ ತಾನಾಗಿ ಹೊರೆಯನ್ನು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿಬಿಟ್ಟಿತು.

ದರ್ಶಿನಿ ಹೋಟೆಲಿನ ಕ್ಯಾಶ್ ಕೌಂಟರ್ ನೆನೆಸಿಕೊಳ್ಳಿ. ಕ್ಯಾಷಿಯರ್ ಎಷ್ಟು ಚುರುಕು ಅಂತ ನೋಡಲು ಹತ್ತು ಹುಡುಗರನ್ನು ಕಳಿಸುತ್ತೀರಿ. ಒಬ್ಬೊಬ್ಬನೂ ಬಿಲ್ ತಗೊಂಡು ಮತ್ತೆ ಸಾಲಿನ ಹಿಂದೆ ಬಂದು ನಿಲ್ಲಬೇಕು. ಕ್ಯಾಷಿಯರ್ ಚಿಲ್ಲರೆಗಾಗಿ ಡ್ರಾಯರ್ ತಡಕಾಡುತ್ತಾ ನಿಂತರೂ ಸಾಲಿನಲ್ಲಿ ಹತ್ತೇ ಜನ. ಹನ್ನೊಂದನೆಯವನು ಬರುವುದೇ ಇಲ್ಲ. ಬೆಳಗ್ಗೆ ಎಂಟೂವರೆಗೆ ನಿಜವಾದ ಗಿರಾಕಿಗಳು ಬರುವುದು ಹಾಗಲ್ಲ. ಒಳಗೆ ಏನಾಗುತ್ತಿದೆ ಅಂತ ಬಸ್ಸಿನಿಂದ ಇಳಿದವರಿಗೆ ಗೊತ್ತಿಲ್ಲ. ಅವರು ಬರುತ್ತಲೇ ಇರುತ್ತಾರೆ, ಸಾಲು ಬಾಗಿಲು ದಾಟಿ ಫುಟ್‌ಪಾತ್ ತನಕ ಬೆಳೆಯುತ್ತದೆ.

ಹುಡುಗರ ತರಹದ್ದಕ್ಕೆ ಕ್ಲೋಸ್ಡ್ ಮಾಡೆಲ್ ಅಂತಾರೆ, ಬಸ್ಸಿನಿಂದ ಇಳಿದವರ ತರಹದ್ದಕ್ಕೆ ಓಪನ್ ಮಾಡೆಲ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದು ತೋರಿಸಿದರು. ಹೊರೆ ಒಂದೇ ಇದ್ದರೂ ಓಪನ್‌ನಲ್ಲಿ ಸರಾಸರಿ ಕಾಯುವಿಕೆ ಹತ್ತು ಪಟ್ಟು, ಅದಕ್ಕೂ ಜಾಸ್ತಿ ಆಗಬಹುದು. ಕ್ಲೋಸ್ಡ್ ಮಾಡೆಲ್ ಯಾವಾಗಲೂ ತಪ್ಪು ಅಂತಲ್ಲ. ಒಂದು ಕಚೇರಿಯ 200 ಸಿಬ್ಬಂದಿ ಮಾತ್ರ ಬಳಸುವ ಸಾಫ್ಟ್‌ವೇರ್ ಇದ್ದರೆ ಅಲ್ಲಿ ನಿಜಕ್ಕೂ 201ನೆಯವರು ಇಲ್ಲ. ಸ್ಕ್ರೀನ್ ಬರದೆ ಯಾರೂ ಮುಂದಿನ ಬಟನ್ ಒತ್ತುವುದೂ ಇಲ್ಲ. ಅಂಥ ಕಡೆ ಅದೇ ಸರಿ. ಆದರೆ ಊರಿಗೆಲ್ಲ ತೆರೆದಿರುವ ಸೈಟ್‌ಗೆ ಅದನ್ನೇ ಹಾಕಿದರೆ, ಕಷ್ಟದ ಗಳಿಗೆಯಲ್ಲಿ ಸರ್ವರ್ ಹೇಗಿರುತ್ತದೆ ಅನ್ನುವುದು ನಿಮಗೆ ಕಾಣುವುದೇ ಇಲ್ಲ.

ಇದರ ಲೆಕ್ಕ ಸುಲಭ. ಜಾನ್ ಲಿಟಲ್ ಅನ್ನುವ ಸಂಶೋಧಕರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದು: ಒಂದು ವ್ಯವಸ್ಥೆಯೊಳಗೆ ಸರಾಸರಿ ಇರುವವರ ಸಂಖ್ಯೆ, ಬರುವ ವೇಗವನ್ನು ಒಬ್ಬರು ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟು. ಸೆಕೆಂಡಿಗೆ 50 ರಿಕ್ವೆಸ್ಟ್ ಬೇಕು, ಪ್ರತಿಯೊಂದಕ್ಕೆ 4 ಸೆಕೆಂಡ್ ಹಿಡಿಯುತ್ತದೆ ಅಂದರೆ ಒಂದೇ ಹೊತ್ತಿಗೆ 200 ರಿಕ್ವೆಸ್ಟ್ ನಡುದಾರಿಯಲ್ಲಿ ಇರುತ್ತವೆ. ಅಷ್ಟು ಥ್ರೆಡ್ ನಿಮ್ಮ ಹತ್ತಿರ ಇರಲೇಬೇಕು. ನೂರೇ ಇದ್ದರೆ ಏನು ಮಾಡಿದರೂ ಸೆಕೆಂಡಿಗೆ 25 ದಾಟುವುದಿಲ್ಲ. ಯೂಸರ್ ಸಂಖ್ಯೆ, ವೇಗ, ರೆಸ್ಪಾನ್ಸ್ ಟೈಮ್ ಈ ಮೂರರಲ್ಲಿ ಎರಡನ್ನು ಹಿಡಿದರೆ ಮೂರನೆಯದು ತಾನಾಗಿ ಬರುತ್ತದೆ. ರೆಸ್ಪಾನ್ಸ್ ಟೈಮ್ ಸರ್ವರ್ ಕೈಯಲ್ಲಿದೆ. ಹಾಗಾಗಿ ನಿಮಗೆ ಹಿಡಿಯಲು ಸಿಗುವುದು ಒಂದೇ. ಯೂಸರ್ ಸಂಖ್ಯೆಯನ್ನು ಹಿಡಿದರೆ ವೇಗ ಕೈ ಜಾರುತ್ತದೆ. ನಾನು ಹೇಳುವುದು ವೇಗವನ್ನು ಹಿಡಿಯಿರಿ ಅಂತ.

ಜೆಮೀಟರ್‌ನಲ್ಲಿ ಇದಕ್ಕೆ ಹೆಚ್ಚಿನವರು ಬಳಸುವುದು ಕಾನ್‌ಸ್ಟಂಟ್ ಥ್ರೂಪುಟ್ ಟೈಮರ್. ಥ್ರೂಪುಟ್ ಅಂದರೆ ಇಂತಿಷ್ಟು ಹೊತ್ತಿಗೆ ಎಷ್ಟು ರಿಕ್ವೆಸ್ಟ್ ಅನ್ನುವ ವೇಗ. ಹೆಸರು ಕೇಳಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಹೊಸಬರು ಇಲ್ಲಿ ಎಡವುವ ಜಾಗಗಳು ಹಲವು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಅದರಲ್ಲಿ ತುಂಬಬೇಕಾದ ಅಂಕಿ ನಿಮಿಷದ ಲೆಕ್ಕದ್ದು, ಸೆಕೆಂಡಿನದಲ್ಲ. ಸೆಕೆಂಡಿಗೆ 50 ಬೇಕು ಅಂತ 50 ಬರೆದರೆ ನಿಮಿಷಕ್ಕೆ 50 ಹೋಗುತ್ತದೆ, ಅಂದರೆ ಸೆಕೆಂಡಿಗೆ ಒಂದೂ ಇಲ್ಲ. ಸರ್ವರ್ ಆರಾಮಾಗಿ ಇರುತ್ತದೆ, ರಿಪೋರ್ಟ್ ಹಸಿರು ಹಸಿರಾಗಿ ಬರುತ್ತದೆ. ಬರೆಯಬೇಕಾದ್ದು 3000.

ಅದರ ಕೆಳಗೇ ಇನ್ನೊಂದು ಪೆಟ್ಟಿಗೆ ಇದೆ. ಈ ವೇಗ ಯಾರಿಗೆ ಅಂತ ಅದು ಕೇಳುತ್ತದೆ: ಈ ಥ್ರೆಡ್‌ಗೆ ಮಾತ್ರವಾ, ಎಲ್ಲ ಥ್ರೆಡ್‌ಗೂ ಸೇರಿಸಿಯಾ? ಮುಟ್ಟದೆ ಬಿಟ್ಟರೆ ಈ ಥ್ರೆಡ್‌ಗೆ ಮಾತ್ರ ಅಂತ ಇರುತ್ತದೆ. ಆಗ 3000 ಅನ್ನುವುದು ಪ್ರತಿ ಥ್ರೆಡ್‌ನ ಗುರಿ. ನೂರು ಥ್ರೆಡ್ ಇದ್ದರೆ ಒಟ್ಟು ಗುರಿ ನಿಮಿಷಕ್ಕೆ 3 ಲಕ್ಷ, ಸೆಕೆಂಡಿಗೆ 5000. ಉತ್ತರಕ್ಕೆ 200 ಮಿಲಿಸೆಕೆಂಡ್ ಹಿಡಿಯುವಾಗ ಅಷ್ಟು ವೇಗ ನೂರು ಥ್ರೆಡ್‌ಗೆ ಆಗುವ ಮಾತಲ್ಲ. ಹಾಗಾಗಿ ಟೈಮರ್ ಯಾರನ್ನೂ ತಡೆಯುವುದಿಲ್ಲ, ಎಲ್ಲವೂ ಕೈಲಾದಷ್ಟು ಜೋರಾಗಿ ಓಡುತ್ತವೆ. ಟೈಮರ್ ಇದ್ದೂ ಇಲ್ಲದ ಹಾಗೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಟೈಮರ್‌ಗೆ ತಡೆಯಲು ಬರುತ್ತದೆ, ಓಡಿಸಲು ಬರುವುದಿಲ್ಲ. ಥ್ರೆಡ್ ಬೇಗ ಹೊರಟರೆ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ ಅಷ್ಟೇ. ಎಲ್ಲ ಥ್ರೆಡ್‌ಗಳೂ ಉತ್ತರಕ್ಕೆ ಕಾಯುತ್ತಾ ಕೂತಿದ್ದರೆ ಅದು ಮಾಡುವುದಕ್ಕೆ ಏನೂ ಇಲ್ಲ. ಸೆಕೆಂಡಿಗೆ 50 ಕೇಳಿದ್ದೀರಿ, 25 ಹೋಗುತ್ತಿದೆ, ಎಲ್ಲೂ ಕೆಂಪು ಗೆರೆ ಕಾಣುವುದಿಲ್ಲ. ಕೊನೆಗೆ ರಿಪೋರ್ಟ್‌ನಲ್ಲಿ ಥ್ರೂಪುಟ್ ಕಾಲಂ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

ಇನ್ನು ಮೂರು ಮೆಷಿನ್ ಜೋಡಿಸಿ ಟೆಸ್ಟ್ ಓಡಿಸಿದರೆ ಪ್ರತಿ ಮೆಷಿನ್ ಇಡೀ ಪ್ಲಾನ್ ಅನ್ನು ಹಾಗೆಯೇ ಓಡಿಸುತ್ತದೆ, ಹಂಚಿಕೊಳ್ಳುವುದಿಲ್ಲ. 50 ಅಂತ ಇಟ್ಟದ್ದು 150 ಆಗುತ್ತದೆ. ಮೂರರಿಂದ ನೀವೇ ಭಾಗಿಸಿ ಬರೆಯಬೇಕು.

ಈಗ ಇದಕ್ಕಿಂತ ಒಳ್ಳೆಯ ದಾರಿಗಳಿವೆ. 2022ರಲ್ಲಿ ಬಂದ ಜೆಮೀಟರ್ 5.5ರಲ್ಲಿ ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಸೇರಿಸಿದ್ದಾರೆ. ಅದು ಥ್ರೆಡ್ ಸಂಖ್ಯೆ ಕೇಳುವುದೇ ಇಲ್ಲ. ಯಾವ ವೇಗದಿಂದ ಶುರು, ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಏರಬೇಕು ಅಂತ ಬರೆದರೆ ಸಾಕು, ಬೇಕಾದಾಗ ಥ್ರೆಡ್‌ಗಳನ್ನು ಅದೇ ಹುಟ್ಟಿಸಿಕೊಳ್ಳುತ್ತದೆ. ಗ್ರಾಫಾನಾ ಲ್ಯಾಬ್ಸ್‌ನ ಕೆ6 ಅನ್ನುವ ಲೋಡ್ ಟೆಸ್ಟ್ ಟೂಲ್‌ನಲ್ಲಿ ಕಾನ್‌ಸ್ಟಂಟ್ ಅರೈವಲ್ ರೇಟ್ ಅನ್ನುವ ಆಯ್ಕೆ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ಎಣಿಕೆ. ರಿಕ್ವೆಸ್ಟ್ ಕಳಿಸುವ ಹೊತ್ತಾಯಿತು, ಆದರೆ ಬಿಡುವಾಗಿರುವ ಯೂಸರ್ ಯಾರೂ ಇಲ್ಲ ಅಂದಾಗ ಅದು ಸುಮ್ಮನಾಗುವುದಿಲ್ಲ. ಡ್ರಾಪ್ಡ್ ಇಟರೇಶನ್ಸ್ (ಬಿಟ್ಟುಹೋದ ಸುತ್ತುಗಳು) ಅಂತ ಎಣಿಸಿ ಕೊನೆಗೆ ನಿಮ್ಮ ಮುಂದೆ ಇಡುತ್ತದೆ. ಆ ಅಂಕಿ ಸೊನ್ನೆ ಅಲ್ಲದಿದ್ದರೆ ನೀವು ಕೇಳಿದ ಹೊರೆ ಸರ್ವರ್ ಮೇಲೆ ಬಿದ್ದಿಲ್ಲ. ಇದನ್ನು ಬಳಸುವಾಗ ಇನ್ನೊಂದು ಗಮನದಲ್ಲಿರಲಿ. ಅಲ್ಲಿನ ರೇಟ್ ಅಂದರೆ ಇಟರೇಶನ್‌ಗಳ ವೇಗ, ರಿಕ್ವೆಸ್ಟ್‌ಗಳದ್ದಲ್ಲ. ನಿಮ್ಮ ಸ್ಕ್ರಿಪ್ಟ್ ಒಂದು ಸುತ್ತಿನಲ್ಲಿ ಮೂರು ಪೇಜ್ ತೆರೆದರೆ, 100 ಅಂತ ಬರೆದಾಗ 300 ಹೋಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ವೇಗ ಕೈತಪ್ಪಿದಾಗ ರೆಸ್ಪಾನ್ಸ್ ಟೈಮ್‌ನ ಅಂಕಿಗಳೂ ಸುಳ್ಳಾಗುತ್ತವೆ. ಎಷ್ಟು ಸುಳ್ಳು ಅಂತ ಒಂದು ಲೆಕ್ಕ ಹಾಕೋಣ.

ಐದು ಥ್ರೆಡ್ ಇವೆ, ಒಟ್ಟು ವೇಗ ಸೆಕೆಂಡಿಗೆ 50. ಮೊದಲ 60 ಸೆಕೆಂಡ್ ಎಲ್ಲ ಚೆನ್ನಾಗಿದೆ, ಪ್ರತಿ ಉತ್ತರ 10 ಮಿಲಿಸೆಕೆಂಡಿನಲ್ಲಿ ಬರುತ್ತದೆ. ಒಟ್ಟು 3000 ಉತ್ತರ. ಆಮೇಲೆ ಡೇಟಾಬೇಸ್‌ನಲ್ಲಿ ಯಾವುದೋ ಲಾಕ್ ಸಿಕ್ಕಿಕೊಂಡು ಸರ್ವರ್ 20 ಸೆಕೆಂಡ್ ಕಲ್ಲಾಗಿ ನಿಂತುಬಿಟ್ಟಿತು. ಐದೂ ಥ್ರೆಡ್ ಒಂದೊಂದು ರಿಕ್ವೆಸ್ಟ್ ಕಳಿಸಿ ಕಾಯುತ್ತಾ ಕೂತವು. 20 ಸೆಕೆಂಡ್ ಆದ ಮೇಲೆ ಐದು ಉತ್ತರ ಬಂದವು. ಟೆಸ್ಟ್ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ. ಟೂಲ್ ಕೈಯಲ್ಲಿ ಇರುವುದು 3005 ಅಳತೆ, ಅದರಲ್ಲಿ ಕೆಟ್ಟವು ಐದೇ. ಸರಾಸರಿ ಸುಮಾರು 43 ಮಿಲಿಸೆಕೆಂಡ್. ನೂರಕ್ಕೆ 99 ಜನಕ್ಕೆ 10 ಮಿಲಿಸೆಕೆಂಡಿನಲ್ಲಿ ಉತ್ತರ ಸಿಕ್ಕಿದೆ ಅನ್ನುತ್ತದೆ ರಿಪೋರ್ಟ್. ಮ್ಯಾನೇಜರ್ ಖುಷಿಯಾಗುತ್ತಾರೆ.

ಆದರೆ ಆ 20 ಸೆಕೆಂಡಿನಲ್ಲಿ ಹೋಗಬೇಕಿದ್ದ ರಿಕ್ವೆಸ್ಟ್‌ಗಳು 1000. ನಿಜವಾದ ಜನ ಆಗಿದ್ದರೆ ಅಷ್ಟೂ ಮಂದಿ ಬಂದಿರುತ್ತಿದ್ದರು. ಮೊದಲು ಬಂದವರು 20 ಸೆಕೆಂಡ್ ಕಾಯುತ್ತಿದ್ದರು, ಕೊನೆಗೆ ಬಂದವರು ಸ್ವಲ್ಪವೇ. ಅವರನ್ನೂ ಸೇರಿಸಿದರೆ ಒಟ್ಟು 4000, ಅದರಲ್ಲಿ ಕಾಲು ಭಾಗ ಕಷ್ಟ ಪಟ್ಟವರು. ಸರಾಸರಿ 43 ಮಿಲಿಸೆಕೆಂಡ್ ಅಲ್ಲ, ಎರಡೂವರೆ ಸೆಕೆಂಡ್. ಹತ್ತರಲ್ಲಿ ಒಬ್ಬರು 12 ಸೆಕೆಂಡ್ ಅಥವಾ ಅದಕ್ಕೂ ಜಾಸ್ತಿ ಕಾದಿದ್ದಾರೆ. ಅದೇ ಸರ್ವರ್, ಅದೇ 80 ಸೆಕೆಂಡ್, ಆದರೆ ರಿಪೋರ್ಟ್ ಪೂರಾ ಬೇರೆ.

ಅಜುಲ್ ಸಿಸ್ಟಮ್ಸ್‌ನ ಗಿಲ್ ಟೆನೆ ಇದಕ್ಕೆ ಕೋಆರ್ಡಿನೇಟೆಡ್ ಒಮಿಷನ್ ಅಂತ ಹೆಸರಿಟ್ಟರು. ಸರ್ವರ್ ಕೆಟ್ಟಾಗ ಅಳೆಯುವವನೂ ಅಳೆಯುವುದನ್ನು ನಿಲ್ಲಿಸುತ್ತಾನೆ, ಇಬ್ಬರೂ ಮಾತಾಡಿಕೊಂಡ ಹಾಗೆ. ಅವರು ಡಬ್ಲ್ಯುಆರ್‌ಕೆ ಅನ್ನುವ ಟೂಲ್ ಅನ್ನು ತಿದ್ದಿ ಡಬ್ಲ್ಯುಆರ್‌ಕೆ2 ಮಾಡಿದ್ದು ಈ ಕಾರಣಕ್ಕೇ. ಅದರಲ್ಲಿ ವೇಗವನ್ನು ಮೊದಲೇ ಹೇಳಲೇಬೇಕು. ರಿಕ್ವೆಸ್ಟ್ ಹೊರಟ ಕ್ಷಣದಿಂದ ಅಲ್ಲ, ಹೊರಡಬೇಕಿದ್ದ ಕ್ಷಣದಿಂದ ಅದು ಸಮಯ ಎಣಿಸುತ್ತದೆ. ತಡವಾಗಿ ಹೊರಟರೆ ಆ ತಡವೂ ಲೆಕ್ಕಕ್ಕೆ ಸೇರುತ್ತದೆ. ಸಣ್ಣ ಬದಲಾವಣೆ, ಆದರೆ ಮೇಲಿನ ಉದಾಹರಣೆಯ ಆ 1000 ಜನರನ್ನು ಮತ್ತೆ ಲೆಕ್ಕಕ್ಕೆ ತರುವುದು ಇದೇ.

ವೇಗ ಹಿಡಿದಾದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಸೆಕೆಂಡಿಗೆ 100 ಅಂದರೆ 10 ಮಿಲಿಸೆಕೆಂಡಿಗೆ ಒಂದರಂತೆ ಅಳೆದು ಸುರಿದ ಹಾಗೆ ಹೋಗಬೇಕಾ? ಜನ ಹಾಗೆ ಬರುವುದಿಲ್ಲ. ಒಮ್ಮೆ ಮೂರು ಜನ ಒಟ್ಟಿಗೆ, ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ ಫೋನ್ ಕರೆಗಳು ಹೀಗೆ ಗೊತ್ತುಗುರಿ ಇಲ್ಲದೆ ಬರುತ್ತವೆ, ಆದರೆ ಅದಕ್ಕೂ ಒಂದು ಗಣಿತ ಇದೆ ಅಂತ ತೋರಿಸಿದ್ದರು. ಪಾಸಾನ್ ಹಂಚಿಕೆ ಅನ್ನುವುದು ಅದನ್ನೇ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುವ ಸರ್ವರ್ ಇದೆ, ಪ್ರತಿಯೊಂದಕ್ಕೆ ಸರಿಯಾಗಿ 8 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 100 ಅನ್ನು ಸಮವಾಗಿ ಕಳಿಸಿದರೆ ಯಾರೂ ಕಾಯುವುದೇ ಇಲ್ಲ, ಎಲ್ಲರಿಗೂ 8 ಮಿಲಿಸೆಕೆಂಡ್. ಅದೇ 100 ಅನ್ನು ಎರ್ಲಾಂಗ್ ಹೇಳಿದ ಹಾಗೆ ಕಳಿಸಿದರೆ ಸರಾಸರಿ 16 ಮಿಲಿಸೆಕೆಂಡ್ ಕಾಯಬೇಕು, ಒಟ್ಟು 24. ಕೆಲಸಕ್ಕೆ 8ರ ಬದಲು 9.5 ಮಿಲಿಸೆಕೆಂಡ್ ಹಿಡಿದರೆ? ಸಮವಾಗಿ ಕಳಿಸಿದಾಗ ಈಗಲೂ 9.5. ಜನರ ಹಾಗೆ ಕಳಿಸಿದಾಗ ಸುಮಾರು 100. ಸರ್ವರ್ ತುಂಬುತ್ತಾ ಬಂದ ಹಾಗೆ ಈ ಅಂತರ ಬೆಳೆಯುತ್ತದೆ. ಜೆಮೀಟರ್‌ನ ಪ್ರಿಸೈಸ್ ಥ್ರೂಪುಟ್ ಟೈಮರ್ ಮತ್ತು ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಎರಡರಲ್ಲೂ ಹೀಗೆ ಚದುರಿಸಿ ಕಳಿಸಲು ಬರುತ್ತದೆ. ಸಾಧ್ಯವಿದ್ದರೆ ಅದನ್ನೇ ಬಳಸಿ.

ಸರಿ, ಗುರಿಯ ವೇಗ ಎಷ್ಟು ಇಡಬೇಕು? ಎಷ್ಟೋ ಕಡೆ 1000 ಅಂತ ಒಂದು ಗುಂಡು ಅಂಕಿ ಹಿಡಿಯುತ್ತಾರೆ. ಬೇಡ. ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನೇ ತಗೊಳ್ಳಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಎಲ್ಲರೂ ಒಂದು ಗಂಟೆಯಲ್ಲಿ ಸಮವಾಗಿ ನೋಡುತ್ತಾರೆ ಅಂದರೆ ಸೆಕೆಂಡಿಗೆ 222. ಆದರೆ ರಿಸಲ್ಟ್‌ಗೆ ಕಾಯುವ ಮನೆಯಲ್ಲಿ ಅಷ್ಟು ತಾಳ್ಮೆ ಎಲ್ಲಿ? ಅರ್ಧ ಜನ ಮೊದಲ ಹತ್ತು ನಿಮಿಷದಲ್ಲೇ ಬರುತ್ತಾರೆ ಅಂತ ಇಟ್ಟುಕೊಂಡರೆ ಸೆಕೆಂಡಿಗೆ 667. ಒಬ್ಬೊಬ್ಬರಿಗೂ ಮೊದಲ ಪೇಜ್, ರಿಜಿಸ್ಟರ್ ನಂಬರ್ ಹಾಕಿ ಒತ್ತುವುದು, ಜೊತೆಗೆ ಒಂದು ಚಿತ್ರವೋ ಸ್ಟೈಲ್ ಫೈಲೋ ಅಂತ ಮೂರು ರಿಕ್ವೆಸ್ಟ್ ಹಿಡಿದರೆ 2000. ಒಂದೇ ಸಂಗತಿಗೆ 222 ಮತ್ತು 2000 ಎರಡೂ ಉತ್ತರ ಬರುತ್ತವೆ, ಸರಾಸರಿಯನ್ನು ಎಷ್ಟು ಹೊತ್ತಿನ ಮೇಲೆ ಹರಡಿದಿರಿ, ಒಬ್ಬರಿಗೆ ಎಷ್ಟು ರಿಕ್ವೆಸ್ಟ್ ಹಿಡಿದಿರಿ ಅನ್ನುವುದರ ಮೇಲೆ. ತತ್ಕಾಲ್ ಟಿಕೆಟ್ ತೆರೆಯುವ ಬೆಳಗ್ಗೆ 10 ಮತ್ತು 11 ಗಂಟೆಯೂ ಇಂಥದ್ದೇ. ಅಲ್ಲಿ ಗಂಟೆಯ ಸರಾಸರಿಯಿಂದ ಏನೂ ತಿಳಿಯದು, ನಿಮಿಷದ ಲೆಕ್ಕ ಬೇಕು, ಸಾಧ್ಯವಾದರೆ ಸೆಕೆಂಡಿನದು.

ಅಂಥ ಹೊತ್ತಿನಲ್ಲಿ ಜನ ಇನ್ನೊಂದು ಕೆಲಸ ಮಾಡುತ್ತಾರೆ. ಪೇಜ್ ಬರಲಿಲ್ಲ ಅಂದರೆ ರಿಫ್ರೆಶ್ ಒತ್ತುತ್ತಾರೆ. ಮನೆಯ ಇನ್ನೊಂದು ಫೋನ್‌ನಲ್ಲೂ ತೆರೆಯುತ್ತಾರೆ. ಅಂದರೆ ಸರ್ವರ್ ನಿಧಾನವಾದಷ್ಟೂ ಹೊರೆ ಏರುತ್ತದೆ. ಕ್ಲೋಸ್ಡ್ ಟೆಸ್ಟ್‌ನಲ್ಲಿ ಆಗುವುದು ಇದಕ್ಕೆ ಪೂರ್ತಿ ಉಲ್ಟಾ. ಆ ಟೆಸ್ಟ್ ಪಾಸಾದ ಸೈಟ್ ನಿಜವಾದ ದಿನ ಕೈಕೊಡುವುದರಲ್ಲಿ ಆಶ್ಚರ್ಯ ಇಲ್ಲ.

ಗುರಿಯ ವೇಗಕ್ಕೆ ಒಂದೇ ಸಲ ಹಾರಬೇಡಿ, ಅಂಥ ನೂಕುನುಗ್ಗಲನ್ನೇ ಪರೀಕ್ಷಿಸುವ ಉದ್ದೇಶ ಇಲ್ಲದಿದ್ದರೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲಿ ಕೆಲವು ನಿಮಿಷ ನಿಲ್ಲಿ. ಸರ್ವರ್‌ನ ಕ್ಯಾಶೆ (ಪದೇ ಪದೇ ಬೇಕಾಗುವ ಡೇಟಾ ಹತ್ತಿರ ಇಟ್ಟುಕೊಳ್ಳುವ ಜಾಗ) ತುಂಬಲು, ಹೊಸ ಸರ್ವರ್‌ಗಳು ಏಳಲು ಹೊತ್ತು ಬೇಕು.

ಕಳಿಸುವ ಮೆಷಿನ್‌ಗೂ ಮಿತಿ ಇದೆ. ಲಿನಕ್ಸ್‌ನಲ್ಲಿ ಹೊರಹೋಗುವ ಸಂಪರ್ಕಗಳಿಗೆ ಸಿಗುವ ಪೋರ್ಟ್‌ಗಳು (ಪ್ರತಿ ಸಂಪರ್ಕ ಹಿಡಿದುಕೊಳ್ಳುವ ಸಂಖ್ಯೆಗಳು) ಮಾಮೂಲಿ ಸೆಟ್ಟಿಂಗ್‌ನಲ್ಲಿ 32768ರಿಂದ 60999ರ ತನಕ, ಒಟ್ಟು 28,232. ಸಂಪರ್ಕವನ್ನು ನಿಮ್ಮ ಮೆಷಿನ್ ಮೊದಲು ಮುಚ್ಚಿದರೆ ಆ ಪೋರ್ಟ್ 60 ಸೆಕೆಂಡ್ ಟೈಮ್-ವೇಟ್ ಅನ್ನುವ ಕಾಯುವ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಸಂಪರ್ಕ ತೆರೆಯುತ್ತಾ ಹೋದರೆ ಒಂದು ಸರ್ವರ್ ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470ರ ಹತ್ತಿರ ಗಾಡಿ ನಿಲ್ಲುತ್ತದೆ. ಕೀಪ್-ಅಲೈವ್ ಇಟ್ಟರೆ, ಅಂದರೆ ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸಿದರೆ, ಈ ತೊಂದರೆ ಬಹಳಷ್ಟು ಕಮ್ಮಿ. ಬ್ರೌಸರ್‌ಗಳು ಮಾಡುವುದೂ ಅದನ್ನೇ.

ಇನ್ನು ಸರ್ವರ್ ಕಡೆಯಿಂದಲೂ ಒಂದು ತಡೆ ಇರಬಹುದು. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನಲ್ಲಿ ಒಂದು ಐಪಿಗೆ (ನೆಟ್‌ನಲ್ಲಿ ಮೆಷಿನ್‌ನ ವಿಳಾಸಕ್ಕೆ) ಸೆಕೆಂಡಿಗೆ 10 ಅಂತ ಮಿತಿ ಹಾಕಿದ್ದರೆ ಅದನ್ನು ಅದು 100 ಮಿಲಿಸೆಕೆಂಡಿಗೆ ಒಂದು ಅಂತ ಓದುತ್ತದೆ. ಬರ್ಸ್ಟ್‌ಗೆ (ಒಮ್ಮೆಲೇ ಬರುವ ಗುಂಪಿಗೆ) ಅವಕಾಶ ಕೊಟ್ಟಿಲ್ಲದಿದ್ದರೆ ಅದಕ್ಕಿಂತ ಮೊದಲು ಬಂದ ಎರಡನೆಯದನ್ನು ವಾಪಸ್ ಕಳಿಸುತ್ತದೆ, ಬೇರೆ ಹೇಳದಿದ್ದರೆ 503 ಎರರ್ ಜೊತೆ. ಇದಕ್ಕೆಂದೇ 429 ಅನ್ನುವ ಕೋಡ್ 2012ರಿಂದ ಇದೆ, ಅದನ್ನು ಕೊಡುವಂತೆಯೂ ಹೊಂದಿಸಬಹುದು. ನಿಮ್ಮ ಟೆಸ್ಟ್ ಪೂರಾ ಒಂದೇ ಐಪಿಯಿಂದ ಹೊರಡುವುದರಿಂದ ಈ ಬಾಗಿಲಲ್ಲೇ ನಿಂತುಬಿಡುತ್ತದೆ. ಇಲ್ಲಿ ಎಚ್ಚರ ಬೇಕಾದ ಸಂಗತಿ ಇನ್ನೊಂದಿದೆ. ಎರರ್ ತುಂಬಾ ಬೇಗ ಬರುತ್ತದೆ, ಯಾಕೆಂದರೆ ಸರ್ವರ್ ಏನೂ ಕೆಲಸ ಮಾಡಿಲ್ಲ. ವೇಗ ಹಿಡಿಯದ ನೂರು ಥ್ರೆಡ್‌ಗೆ 2 ಮಿಲಿಸೆಕೆಂಡಿನಲ್ಲಿ 503 ಸಿಗುತ್ತಾ ಹೋದರೆ ಥ್ರೂಪುಟ್ ಗ್ರಾಫ್ ಆಕಾಶಕ್ಕೆ ಏರುತ್ತದೆ, ಸರಾಸರಿ ರೆಸ್ಪಾನ್ಸ್ ಟೈಮ್ ನೆಲಕ್ಕೆ ಇಳಿಯುತ್ತದೆ. ಎರರ್‌ಗಳನ್ನು ಬೇರೆ ಮಾಡಿ ನೋಡದಿದ್ದರೆ ಸೈಟ್ ಸೂಪರ್ ಅಂತ ಕಾಣುತ್ತದೆ. ಟೆಸ್ಟ್ ಮೆಷಿನ್‌ನ ಐಪಿಗೆ ಮಿತಿಯಿಂದ ವಿನಾಯಿತಿ ಕೊಟ್ಟು ಓಡಿಸಿ. ಮಿತಿ ಸರಿಯಾಗಿ ಕೆಲಸ ಮಾಡುತ್ತದಾ ಅನ್ನುವುದನ್ನು ಬೇರೆಯಾಗಿ ಪರೀಕ್ಷಿಸಿ.

ಇದನ್ನೆಲ್ಲ ನಿಮ್ಮದೇ ಸರ್ವರ್ ಮೇಲೆ, ಅದರ ಹೊಣೆ ಇರುವವರಿಗೆ ಹೇಳಿಯೇ ಮಾಡಿ. ಒಪ್ಪಿಗೆ ಇಲ್ಲದೆ ಬೇರೆಯವರ ಸೈಟ್‌ಗೆ ಹೀಗೆ ರಿಕ್ವೆಸ್ಟ್ ಸುರಿದು ಅದು ಜನರಿಗೆ ಸಿಗದಂತೆ ಮಾಡಿದರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಅಡಿ ಬರುತ್ತದೆ.

ಟೆಸ್ಟ್ ಮುಗಿದ ಮೇಲೆ ಟೂಲ್‌ನ ರಿಪೋರ್ಟ್ ತೆರೆಯುವ ಮೊದಲು ಸರ್ವರ್‌ನ ಆಕ್ಸೆಸ್ ಲಾಗ್ (ಬಂದ ಪ್ರತಿ ರಿಕ್ವೆಸ್ಟ್‌ಗೂ ಒಂದು ಸಾಲು ಬರೆಯುವ ದಾಖಲೆ) ತೆರೆಯಿರಿ. ಪ್ರತಿ ಸೆಕೆಂಡಿಗೆ ಎಷ್ಟು ಸಾಲು ಬಿದ್ದಿದೆ ಅಂತ ಎಣಿಸಿ, ಪಕ್ಕದಲ್ಲಿ ನೀವು ಇಟ್ಟ ಗುರಿ ಬರೆಯಿರಿ. ಎರಡೂ ಹೊಂದಿದರೆ ರೆಸ್ಪಾನ್ಸ್ ಟೈಮ್ ಓದಲು ಶುರು ಮಾಡಬಹುದು. ಲಾಗ್‌ನಲ್ಲಿ ಕಮ್ಮಿ ಇದ್ದರೆ ಥ್ರೆಡ್ ಸಾಲದೆ ಹೋಯಿತಾ, ಪೋರ್ಟ್ ಮುಗಿಯಿತಾ, ಕಳಿಸುವ ಮೆಷಿನ್‌ನ ಸಿಪಿಯು ತುಂಬಿತಾ ಅಂತ ಹುಡುಕಿ, ಸರಿ ಮಾಡಿ ಮತ್ತೆ ಓಡಿಸಿ. ಅಲ್ಲಿಯ ತನಕ ಉಳಿದ ಗ್ರಾಫ್‌ಗಳನ್ನು ಯಾರಿಗೂ ಕಳಿಸಬೇಡಿ.